ಯುಪಿಎಸ್ ಕೂಗಿದ್ದು, ಅವ್ವನ ಮೂರನೇ ಸಾಲು

ಜೂನ್ 9, 2024, ರವಿವಾರ
ಸಪ್ತಾಪುರ, ಧಾರವಾಡ

ಮೂರನೇ ಸಾಲು ಇನ್ನೂ ಸಿಕ್ಕಿಲ್ಲ.

ಗುರುವಾರ ಸಂಜೆ ಗಾಳಿ ಎದ್ದು ಕರೆಂಟ್ ಹೋದಾಗ ಅವ್ವ ಹಿತ್ತಲಿಗೆ ಅರಿವೆ ತೆಗೆಯಲು ಓಡಿದ್ದಳು. ನಾನು ಚಿಗರಿ ಬಸ್ಸಿನಲ್ಲಿದ್ದೆ. ಯುಪಿಎಸ್ ಹತ್ತು ನಿಮಿಷ ಕುಂಯ್ ಕುಂಯ್ ಅಂದು ಸುಮ್ಮನಾಯಿತಂತೆ. ಅದರ ಜೊತೆ ಕಂಪ್ಯೂಟರೂ ಆರಿತು. ಅವತ್ತು ಅವಳು ಟೈಪ್ ಮಾಡಿದ್ದ ಎರಡು ಬೀಸೋ ಪದಗಳಲ್ಲಿ ಒಂದು ಹೋಯಿತು.

"ಬಾಯಾಗ ಐತಿ ತಗೋ, ಮತ್ತ ಬರದ್ರಾತು" ಅಂದಳು. ಮರುದಿನ ಕೂತರೆ ಎರಡು ಸಾಲು ಬಂದವು, ಮೂರನೆಯದು ಬರಲಿಲ್ಲ. ನವಲಗುಂದದ ಕಡೆ ನಮ್ಮಜ್ಜಿ ಜೋಳ ಬೀಸುತ್ತಾ ಹಾಡುತ್ತಿದ್ದ ಪದ ಅದು. ಅಜ್ಜಿ ಇಲ್ಲ, ಬೀಸೋಕಲ್ಲೂ ಇಲ್ಲ. ಯಾರನ್ನು ಕೇಳುವುದು?

ಇವತ್ತು ಬೆಳಿಗ್ಗೆಯಿಂದ ಅದೇ ಕೆಲಸ. ಯುಪಿಎಸ್ ತಂದು ಎರಡು ವರ್ಷವಾದರೂ ಅದರ ಯುಎಸ್‌ಬಿ ವಯರ್ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಹಾಕಿದೆ. ನಮ್ಮ ಕಂಪ್ಯೂಟರಿನಲ್ಲಿರುವುದು ಲಿನಕ್ಸ್. ಯುಎಸ್‌ಬಿಗೆ ಏನೇನು ಜೋಡಿಸಿದೆ ಅಂತ ತೋರಿಸುವ 'ಎಲ್ಎಸ್‌ಯುಎಸ್‌ಬಿ' ಆಜ್ಞೆ ಕೊಟ್ಟರೆ ಯುಪಿಎಸ್ ಅನ್ನೋ ಹೆಸರೇ ಇಲ್ಲ. 0665:5161, ಸೈಪ್ರೆಸ್ ಸೆಮಿಕಂಡಕ್ಟರ್ ಅಂತ ಒಂದು ಸಾಲು ಬಂತು. ಅದೇ ನಮ್ಮ ಯುಪಿಎಸ್. ಕಡಿಮೆ ಬೆಲೆಯ ಬಹಳಷ್ಟು ಯುಪಿಎಸ್‌ಗಳ ಒಳಗೆ ಈ ನಂಬರಿನ ಚಿಪ್ಪೇ ಇರುತ್ತದೆ.

ನಟ್ ಹಾಕಿಕೊಂಡೆ, ಅಂದರೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಯುಪಿಎಸ್ ಹೇಳುವುದನ್ನು ಕಂಪ್ಯೂಟರಿಗೆ ಮುಟ್ಟಿಸುವ ಸಾಫ್ಟ್‌ವೇರ್. ಮೊದಲು ಯುಎಸ್‌ಬಿಎಚ್‌ಐಡಿ-ಯುಪಿಎಸ್ ಡ್ರೈವರ್ ಕೊಟ್ಟೆ. ಹೊಂದುವ ಯುಪಿಎಸ್ ಸಿಗಲಿಲ್ಲ ಅಂದಿತು. ಈ ಚಿಪ್ಪಿನದು ಬೇರೆ ಭಾಷೆ, ಅದಕ್ಕೆ ನಟ್‌ಡಿಆರ್‌ವಿ_ಕ್ಯೂಎಕ್ಸ್ ಅನ್ನೋ ಡ್ರೈವರ್ ಬೇಕು. ಹಾಕಿದೆ. ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಕೊಟ್ಟು ಓಡಿಸಿದರೆ ಯುಪಿಎಸ್ ಸಿಗುತ್ತದೆ, ಹಾಗೇ ಬಿಟ್ಟರೆ ಸಿಗುವುದಿಲ್ಲ. ಊಟ ಬಿಟ್ಟು ಕೂತೆ. ಕಾರಣ ಸಣ್ಣದು. ನಟ್ ಓಡುವುದು ತನ್ನದೇ ಬೇರೆ ಯೂಸರ್ ಹೆಸರಿನಲ್ಲಿ. ಆ ಯೂಸರ್‌ಗೆ ಯುಪಿಎಸ್ ಮುಟ್ಟಲು ಅನುಮತಿ ಕೊಡುವ ಯುಡೆವ್ ನಿಯಮ (ವಯರ್ ಚುಚ್ಚಿದಾಗ ಲಿನಕ್ಸ್ ನೋಡುವ ನಿಯಮ) ನಟ್ ಪ್ಯಾಕೇಜಿನ ಜೊತೆಗೇ ಬಂದಿತ್ತು. ಆದರೆ ನಾನು ವಯರ್ ಹಾಕಿದ್ದು ಅದಕ್ಕೂ ಮೊದಲು. ವಯರ್ ಕಿತ್ತು ಮತ್ತೆ ಚುಚ್ಚಿದೆ. 'ಓಎಲ್' ಅಂತ ಬಂತು. ಕರೆಂಟ್ ಇದೆ ಅಂತ ಅರ್ಥ. ಗೋಡೆಯ ಸ್ವಿಚ್ ಆರಿಸಿದೆ, 'ಓಬಿ' ಆಯಿತು, ಬ್ಯಾಟರಿ ಮೇಲೆ ನಡೆದಿದೆ ಅಂತ. ಎಷ್ಟು ಖುಷಿಯಾಯಿತು!

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇಷ್ಟ ದಿನಾ ಅದು ಕೂಗತಿತ್ತಲ್ಲ ತಮ್ಮಾ, ಯಾರಿಗೆ ಕೂಗತಿತ್ತು?"

"ನಮಗ ಕೂಗತಿತ್ತವ್ವ. ಕಂಪ್ಯೂಟರಿಗೆ ಕೇಳತಿರಲಿಲ್ಲ. ಈಗ ಈ ವಯರಿನ್ಯಾಗ ಹೇಳತೈತಿ."

"ಹೇಳಿದ್ರ ಏನ ಮಾಡತೈತಿ?"

"ಬ್ಯಾಟರಿ ತೀರೋ ಮೊದಲ ತಾನ ಬಂದ್ ಆಗತೈತಿ."

"ನಾ ಬರದದ್ದು?"

ಅಲ್ಲೇ ನಿಂತುಬಿಟ್ಟೆ. ಸರಿಯಾಗಿ ಬಂದ್ ಆದರೆ ಡಿಸ್ಕ್ ಉಳಿಯುತ್ತದೆ, ಸೇವ್ ಮಾಡದ ಸಾಲು ಉಳಿಯಲೇಬೇಕು ಅಂತಿಲ್ಲ. ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ. ಅವಳು ಟೈಪ್ ಮಾಡುವ ಲಿಬ್ರೆಆಫೀಸ್‌ನಲ್ಲಿ ಆಟೋರಿಕವರಿ, ಅಂದರೆ ಬರೆದದ್ದನ್ನು ಮತ್ತೆ ಪಡೆಯಲು ತಾನೇ ಎತ್ತಿಡುವ ಪ್ರತಿ, ಹತ್ತು ನಿಮಿಷಕ್ಕೊಮ್ಮೆ ಇತ್ತು. ಒಂದು ನಿಮಿಷಕ್ಕೆ ಇಳಿಸಿದೆ. ಫೈಲನ್ನೂ ಆಗಾಗ ತಾನೇ ಸೇವ್ ಮಾಡುವ ಗುರುತು ಹಾಕಿದೆ. ಇದನ್ನು ಮೊದಲೇ ಮಾಡಿದ್ದರೆ...

ಬ್ಯಾಟರಿ ಎಷ್ಟು ಉಳಿದಿದೆ ಅಂತ ಈ ಯುಪಿಎಸ್ ಶೇಕಡಾ ಲೆಕ್ಕದಲ್ಲಿ ಹೇಳುವುದಿಲ್ಲ, ವೋಲ್ಟ್ ಅಷ್ಟೇ ಹೇಳುತ್ತದೆ. ಉಳಿದದ್ದು ನಟ್ ಮಾಡುವ ಅಂದಾಜು. ಆ ಅಂದಾಜು ತಪ್ಪಿದರೆ ಮತ್ತೆ ಗುರುವಾರದ ಕಥೆಯೇ. ಬ್ಯಾಟರಿ ಪೂರ್ತಿ ಇಳಿಯುವವರೆಗೆ ಒಮ್ಮೆ ಬಿಟ್ಟು ನೋಡಬೇಕು, ಗಡಿಯಾರ ಹಿಡಿದು. ಇವತ್ತು ಬೇಡ. ಮಿರಗದ ಮೋಡ ಕಟ್ಟಿದೆ. ನಿಜವಾಗಿಯೂ ಕರೆಂಟ್ ಹೋದರೆ ಬ್ಯಾಟರಿ ತುಂಬಿರಬೇಕು.

ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಆ ಸದ್ದಿನ ಜೊತೆ ಏನೋ ಗುನುಗುತ್ತಿದ್ದಾಳೆ. ಮೊದಲ ಎರಡು ಸಾಲು ಅವೇ. ಎದ್ದು ಹೋಗಿ ಕೇಳಲೋ ಬೇಡವೋ, ಕರೆದರೆ ಎಲ್ಲಿ