ಮೂರು ದಿನ ಕರೆಂಟ್ ಇಲ್ಲದಿದ್ದರೂ ಟ್ಯಾಂಕಿನ ಜರಿಗಿಡ ಹೇಗೆ ಉಳಿಯಿತು?

ಮಳೆಗಾಲದಲ್ಲಿ ವಿರಾಜಪೇಟೆಯ ನಮ್ಮ ಮನೆಗೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. "ಮೂರು ದಿನದಿಂದ ಕರೆಂಟ್ ಇಲ್ಲ, ಬಿಸಿಲಂತೂ ನೋಡೇ ಇಲ್ಲ. ನಿಮ್ಮ ಮೀನಿನ ಟ್ಯಾಂಕಿನ ಗಿಡ ಹಸಿರಾಗೇ ಇದೆ, ನಮ್ಮದು ಮಾತ್ರ ಕೊಳೆತು ಹೋಯ್ತಲ್ಲಾ?"

ನಾನು ತಿರುಗಿ ಕೇಳುವುದು ಒಂದೇ. ಗಿಡವನ್ನು ಮರಳಿನಲ್ಲಿ ಹೂತಿದ್ರಾ? ಹೆಚ್ಚಿನವರು ಹೌದು ಅನ್ನುತ್ತಾರೆ. ಕೊಳೆತದ್ದು ಅದಕ್ಕೇ, ಕತ್ತಲೆಗಲ್ಲ.

ನನ್ನ ಟ್ಯಾಂಕಿನಲ್ಲಿರುವುದು ಜಾವಾ ಫರ್ನ್. ಹೆಸರಿನಲ್ಲಿ ಜಾವಾ ಇದ್ದರೂ ನಮ್ಮ ದೇಶದಲ್ಲೂ ಬೆಳೆಯುತ್ತದೆ. ತೊರೆಯ ಪಕ್ಕ, ನೆರಳಿನಲ್ಲಿ, ಕಲ್ಲಿಗೋ ಮರದ ಬೇರಿಗೋ ಅಂಟಿಕೊಂಡಿರುತ್ತದೆ. ಕಾಫಿ ತೋಟದ ನೆರಳು ಮರಗಳ ಬೊಡ್ಡೆಯ ಮೇಲೆ ಮಳೆ ಬಿದ್ದ ಕೂಡಲೇ ಚಿಗುರುವ ಜರಿಗಿಡಗಳನ್ನು ನೋಡಿದ್ದೀರಲ್ವಾ? ಅವಕ್ಕೆ ಯಾರು ಮಣ್ಣು ಕೊಟ್ಟರು, ಯಾರು ಬಿಸಿಲು ಕೊಟ್ಟರು? ಇದರ ಬದುಕೂ ಹಾಗೇ.

ಎಲೆಗಳ ಬುಡದಲ್ಲಿ ಅಡ್ಡಕ್ಕೆ ಬೆಳೆಯುವ ಒಂದು ದಪ್ಪ ಕಾಂಡ ಇರುತ್ತದೆ. ಶುಂಠಿ ನೆಟ್ಟು ಅಭ್ಯಾಸ ಇರುವ ನಮಗೆ ಅದನ್ನು ಕಂಡರೆ ಹೂಳಬೇಕು ಅನಿಸುತ್ತದೆ. ಹೂಳಬೇಡಿ. ಮರಳಿನೊಳಗೆ ಗಾಳಿ ಸಿಗದೆ ಕಾಂಡ ಕಪ್ಪಾಗಿ ಮೆತ್ತಗಾಗುತ್ತದೆ, ಆಮೇಲೆ ಎಲೆಗಳು ಒಂದೊಂದಾಗಿ ಕಳಚಿ ತೇಲುತ್ತವೆ. ನಾನೂ ಮೊದಲ ಗಿಡವನ್ನು ಹೀಗೇ ಕಳೆದುಕೊಂಡೆ, ತುಂಬಾ ಬೇಜಾರಾಗಿತ್ತು. ಎರಡನೆಯದನ್ನು ತೋಡಿನಿಂದ ತಂದ ಕಲ್ಲನ್ನು ಚೆನ್ನಾಗಿ ಉಜ್ಜಿ ತೊಳೆದು, ಅದಕ್ಕೆ ಹೊಲಿಗೆ ದಾರದಲ್ಲಿ ಸಡಿಲವಾಗಿ ಕಟ್ಟಿದೆ. ಒಂದೆರಡು ತಿಂಗಳಲ್ಲಿ ಬೇರು ಕಲ್ಲನ್ನು ಹಿಡಿದುಕೊಂಡಿತು.

ಇನ್ನು ಬೆಳಕು. ದಿನಕ್ಕೆ 6ರಿಂದ 8 ಗಂಟೆ ಸಾಧಾರಣ ಎಲ್‌ಇಡಿ ಸಾಕು. ಪಾಪ, ಬೆಳಕು ಸಾಲದು ಅಂತ ದೊಡ್ಡ ದೀಪ ಹಾಕಿದರೆ ಪಾಚಿ ಬರುತ್ತದೆ. ಇದು ನಿಧಾನಕ್ಕೆ ಬೆಳೆಯುವ ಗಿಡ, ಒಂದೊಂದು ಎಲೆಯೂ ತಿಂಗಳುಗಟ್ಟಲೆ ಇರುವುದರಿಂದ ಪಾಚಿ ಅದರ ಮೇಲೇ ಕೂರುತ್ತದೆ. ಮೂರು ದಿನ ಕತ್ತಲಾದರೆ ಗಿಡ ಸುಮ್ನೆ ಕಾಯುತ್ತದೆ, ಅಷ್ಟೇ. ನೀರು 20ರಿಂದ 28 ಡಿಗ್ರಿ ಇದ್ದರೆ ಆರಾಮ.

ಆದರೆ ಕರೆಂಟ್ ಹೋದಾಗ ಮೀನನ್ನು ಮರೆಯಬೇಡಿ. ಗಿಡ ಇದೆಯಲ್ಲ, ಅದೇ ಆಮ್ಲಜನಕ ಕೊಡುತ್ತದೆ ಅಂತ ಅನೇಕರು ನಂಬಿದ್ದಾರೆ. ಕತ್ತಲಲ್ಲಿ ಗಿಡವೂ ಮೀನಿನ ಹಾಗೆ ಆಮ್ಲಜನಕ ಬಳಸುತ್ತದೆ. ನಾನು ಬ್ಯಾಟರಿ ಏರ್ ಪಂಪ್ ಇಟ್ಟುಕೊಂಡಿದ್ದೇನೆ, ಅದಿಲ್ಲದವರು ಆಗಾಗ ಚೊಂಬಿನಲ್ಲಿ ನೀರು ತೆಗೆದು ಮೇಲಿಂದ ಸುರಿಯಿರಿ. ಊಟ ಹಾಕುವುದನ್ನೂ ಕಡಿಮೆ ಮಾಡಿ.

ಎಲೆಯ ಹಿಂದೆ ಸಾಲಾಗಿ ಕಂದು ಚುಕ್ಕೆ ಬಂದರೆ ರೋಗ ಅಂತ ಕತ್ತರಿಸಬೇಡಿ. ಜರಿಗಿಡದ ಬೀಜಕಣ ಇರುವುದು ಅಲ್ಲೇ, ತೆರ್ಮೆ (ಪಲ್ಯಕ್ಕೆ ಬಳಸುವ ಎಳೆ ಜರಿಚಿಗುರು) ಕೀಳುವಾಗ ಬಲಿತ ಜರಿ ಎಲೆಗಳ ಹಿಂದೆ ನೋಡಿರುತ್ತೀರಿ. ಹಳೆ ಎಲೆಗಳ ಮೇಲೆ ಪುಟ್ಟ ಬೇರಿನ ಸಮೇತ ಮರಿಗಿಡಗಳೂ ಹುಟ್ಟುತ್ತವೆ. ನನ್ನ ಟ್ಯಾಂಕಿನಲ್ಲಿ ಈಗ ಅಂಥ ನಾಲ್ಕು ಮರಿ ಇವೆ. ಎರಡು ಬೆರಳಗಲ ಆದ ಮೇಲೆ ಬಿಡಿಸುತ್ತೇನೆ, ಬೇಕಾದವರು ಒಂದು ಕಲ್ಲು ತೊಳೆದಿಟ್ಟುಕೊಳ್ಳಿ.