ಸ್ಯಾನ್ ಹೊಸೆಯಲ್ಲಿ ಅಪ್ಪ ಕೇಳಿದ ಪ್ರಶ್ನೆ

ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿ ನಿವೃತ್ತರಾದ ನನ್ನ ಅಪ್ಪ ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಬಂದಾಗ, ಎಲ್ಲಕ್ಕಿಂತ ಮೊದಲು ನೋಡಬೇಕೆಂದದ್ದು ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಅವರ ಪ್ರತಿಮೆಯನ್ನು. 1968ರ ಅಕ್ಟೋಬರ್ 16ರಂದು ಮೆಕ್ಸಿಕೋ ನಗರದ ಒಲಿಂಪಿಕ್ಸ್‌ನಲ್ಲಿ ಸ್ಮಿತ್ 200 ಮೀಟರ್ ಓಟವನ್ನು 19.83 ಸೆಕೆಂಡುಗಳಲ್ಲಿ ಮುಗಿಸಿದ್ದು ಅವರಿಗೆ ಬಾಯಿಪಾಠವಾಗಿತ್ತು.

ಟವರ್ ಹಾಲ್ ಹತ್ತಿರದ ಹುಲ್ಲುಹಾಸಿನ ಮೇಲೆ, ಬಣ್ಣದ ಹೆಂಚಿನ ಬಿಲ್ಲೆಗಳನ್ನು ಹೊದ್ದ ಆ ಎರಡು ಎತ್ತರದ ಆಕೃತಿಗಳು ತಲೆ ತಗ್ಗಿಸಿ, ಕಪ್ಪು ಕೈಗವಸಿನ ಮುಷ್ಟಿಯನ್ನು ಮೇಲೆತ್ತಿ ನಿಂತಿವೆ. ಆ ಓಟದಲ್ಲಿ ಚಿನ್ನ, ಕಂಚು ಗೆದ್ದ ಇಬ್ಬರೂ ಪದಕ ವೇದಿಕೆಯ ಮೇಲೆ ವರ್ಣಭೇದವನ್ನು ಪ್ರತಿಭಟಿಸಿ ನಿಂತದ್ದು ಹೀಗೆ. ಇದ್ದದ್ದು ಒಂದೇ ಜೊತೆ ಕೈಗವಸಾದ್ದರಿಂದ ಸ್ಮಿತ್ ಬಲಗೈಯನ್ನೂ ಕಾರ್ಲೋಸ್ ಎಡಗೈಯನ್ನೂ ಎತ್ತಿದ್ದರು. ಕಾಲಲ್ಲಿ ಬೂಟಿಲ್ಲದೆ ಬರೀ ಕಪ್ಪು ಕಾಲುಚೀಲ ತೊಟ್ಟಿದ್ದು ಕಪ್ಪು ಜನರ ಬಡತನವನ್ನು ತೋರಿಸುವುದಕ್ಕೆ. ಕಾರ್ಲೋಸ್ ಕೊರಳಿನ ಮಣಿಸರ ಗುಂಪುಹತ್ಯೆಗೆ ಬಲಿಯಾದವರ ನೆನಪಿಗೆ. ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ಅವರ ಜಾಗ ಮಾತ್ರ ಇಲ್ಲಿ ಖಾಲಿ ಇದೆ. ಒಲಿಂಪಿಕ್ಸ್‌ನಲ್ಲಿ ಮಾನವ ಹಕ್ಕುಗಳ ಬ್ಯಾಡ್ಜ್ ಧರಿಸಿ ಜೊತೆಗೆ ನಿಂತಿದ್ದ ಆ ಬಿಳಿಯ ಓಟಗಾರ, ನೋಡಲು ಬಂದವರು ಅಲ್ಲಿ ನಿಲ್ಲಲಿ ಎಂದು ತಾವೇ ಹಾಗೆ ಕೇಳಿಕೊಂಡಿದ್ದರು. ಅಪ್ಪ ಹತ್ತಿ ನಿಂತರು. ಫೋಟೊ ತೆಗೆಯುವ ಮೊದಲೇ ಅವರಿಂದ ಬಂದ ಪ್ರಶ್ನೆ: "ಆಮೇಲೆ ಇವರ ಹೊಟ್ಟೆಪಾಡು ಏನಾಯ್ತು ಕಣಮ್ಮ?"

ನಾನು ಓದಿ ತಿಳಿದದ್ದನ್ನು ಹೇಳಿದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಅವರ ಒತ್ತಡಕ್ಕೆ ಮಣಿದ ಅಮೆರಿಕದ ಸಮಿತಿಯು ಇಬ್ಬರನ್ನೂ ತಂಡದಿಂದ ಅಮಾನತು ಮಾಡಿ ಕ್ರೀಡಾಗ್ರಾಮದಿಂದ ಹೊರಗೆ ಕಳಿಸಿತು. ಊರಿಗೆ ಮರಳಿದವರಿಗೆ ಕೊಲೆ ಬೆದರಿಕೆಗಳು ಕಾದಿದ್ದವು, ಕೆಲಸ ಮಾತ್ರ ಸಿಗಲಿಲ್ಲ. ಜಗತ್ತಿನಲ್ಲೇ ಅತಿ ವೇಗವಾಗಿ 200 ಮೀಟರ್ ಓಡಿದವನು ಕೆಲಸಕ್ಕಾಗಿ ಅಲೆಯಬೇಕಾಯಿತು. ಕಾರ್ಲೋಸ್ ಕಾವಲುಗಾರನಾಗಿಯೂ ತೋಟದ ಆಳಾಗಿಯೂ ದುಡಿದು, ಒಂದು ಚಳಿಗಾಲದಲ್ಲಿ ಮನೆಯ ಪೀಠೋಪಕರಣಗಳನ್ನೇ ಕಡಿದು ಉರಿಸಿ ಮನೆ ಬೆಚ್ಚಗೆ ಮಾಡಿಕೊಂಡರು. ಅವರ ಮೊದಲ ಪತ್ನಿ 1977ರಲ್ಲಿ ಪ್ರಾಣ ಕಳೆದುಕೊಂಡರು. ಸ್ಮಿತ್ ಕಾಲೇಜುಗಳಲ್ಲಿ ತರಬೇತುದಾರರಾಗಿ, ಕಾರ್ಲೋಸ್ ಪಾಮ್ ಸ್ಪ್ರಿಂಗ್ಸ್‌ನ ಪ್ರೌಢಶಾಲೆಯೊಂದರಲ್ಲಿ ಸಲಹೆಗಾರರಾಗಿ ನೆಲೆ ಕಂಡದ್ದು ಬಹಳ ತಡವಾಗಿ.

ಈ ಪ್ರತಿಭಟನೆ ಮೆಕ್ಸಿಕೋದಲ್ಲಿ ಹುಟ್ಟಿದ್ದಲ್ಲ. ಅದರ ಬೇರು ಇದೇ ಆವರಣದಲ್ಲಿದೆ. ಓಟಕ್ಕೂ ಫುಟ್ಬಾಲ್‌ಗೂ ಕರೆಸಿಕೊಂಡ ಕಪ್ಪು ವಿದ್ಯಾರ್ಥಿಗಳಿಗೆ ಕಾಲೇಜಿನ ಸುತ್ತಮುತ್ತ ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ. 1967ರ ಸೆಪ್ಟೆಂಬರ್‌ನಲ್ಲಿ, ಇಲ್ಲಿಯೇ ಓದಿ ಇಲ್ಲಿಯೇ ಸಮಾಜಶಾಸ್ತ್ರ ಕಲಿಸುತ್ತಿದ್ದ ಹ್ಯಾರಿ ಎಡ್ವರ್ಡ್ಸ್ ವಿದ್ಯಾರ್ಥಿಗಳನ್ನು ಕೂಡಿಸಿ ಇದನ್ನು ಪ್ರಶ್ನಿಸಿದಾಗ, ವಿಶ್ವವಿದ್ಯಾಲಯವು ಆ ಋತುವಿನ ಮೊದಲ ಫುಟ್ಬಾಲ್ ಪಂದ್ಯವನ್ನೇ ರದ್ದು ಮಾಡಬೇಕಾಯಿತು. ಸ್ಮಿತ್, ಕಾರ್ಲೋಸ್ ಸೇರಿದ್ದ 'ಮಾನವ ಹಕ್ಕುಗಳ ಒಲಿಂಪಿಕ್ ಯೋಜನೆ' ಎಂಬ ಕಪ್ಪು ಕ್ರೀಡಾಪಟುಗಳ ಸಂಘಟನೆ ಬೆಳೆದದ್ದು ಆ ಬಾಡಿಗೆ ಮನೆಯ ಜಗಳದ ಬೆನ್ನಿಗೇ.

ಬಾಡಿಗೆ ಮನೆಯ ಮಾತು ಬಂದೊಡನೆ ಅಪ್ಪ ಮೆಟ್ಟಿಲಿಂದ ಇಳಿದು ಬಂದು ಕಲ್ಲುಕಟ್ಟೆಯ ಮೇಲೆ ಕುಳಿತರು. ಮೈಸೂರಿನಲ್ಲಿ ಓದುತ್ತಿದ್ದಾಗ ಓಟದಲ್ಲಿ ಗೆದ್ದ ಟ್ರೋಫಿಯನ್ನು ಹಿಡಿದು ಕಾಲೇಜಿನವರೆಲ್ಲ ಅವರ ಜೊತೆ ಫೋಟೊ ತೆಗೆಸಿಕೊಂಡಿದ್ದರು, ಅದೇ ವಾರ ಕೋಣೆ ಕೇಳಲು ಹೋದಲ್ಲೆಲ್ಲ "ನೀವು ಯಾವ ಜನ?" ಎಂದು ಕೇಳಿ ಬಾಗಿಲು ಮುಚ್ಚಿದ್ದರು. ಈ ಸಂಗತಿಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ವರ್ಣವೂ ಜಾತಿಯೂ ಒಂದೇ ಎಂದು ಅಪ್ಪ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಗೆಲುವನ್ನು ಇಟ್ಟುಕೊಂಡು ಗೆದ್ದವನನ್ನು ಹೊಸಿಲಾಚೆ ನಿಲ್ಲಿಸುವ ಆ ನಡವಳಿಕೆಯನ್ನು ಅವರು ತಕ್ಷಣ ಗುರುತು ಹಿಡಿದರು.

ಈ ಪ್ರತಿಮೆ ನಿಂತದ್ದು 2005ರಲ್ಲಿ, ಅದೂ ವಿದ್ಯಾರ್ಥಿಗಳು ಪಟ್ಟು ಹಿಡಿದದ್ದರಿಂದ. ಮರುವರ್ಷ ನಾರ್ಮನ್ ತೀರಿಕೊಂಡಾಗ ಸ್ಮಿತ್ ಮತ್ತು ಕಾರ್ಲೋಸ್ ಹೋಗಿ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಊರಿಗೆ ಮರಳಿದ ಮೇಲೆ ನಾರ್ಮನ್ ಅವರನ್ನು ನಡೆಸಿಕೊಂಡ ರೀತಿಗಾಗಿ ಆಸ್ಟ್ರೇಲಿಯಾದ ಸಂಸತ್ತು ಅವರ ಕ್ಷಮೆ ಕೇಳಿದ್ದು 2012ರಲ್ಲಿ. ಇವನ್ನು ಹೇಳುವಾಗ ನನ್ನ ದನಿಯಲ್ಲಿ ಸಮಾಧಾನವಿತ್ತು. ಜೀವಮಾನವಿಡೀ ಬಡ್ತಿಗೂ ಬಾಕಿಗೂ ಇಲಾಖೆಗೆ ಅರ್ಜಿ ಬರೆದ ಅಪ್ಪ ಅದನ್ನು ಒಪ್ಪಲಿಲ್ಲ.

"ಪ್ರತಿಮೆ ಮಾಡಿದ್ದು ಒಳ್ಳೇದೇ ಆಯ್ತು. ಅಷ್ಟು ವರ್ಷದ ಸಂಬಳವನ್ನ ಇವರಿಗೆ ಯಾರು ಕೊಟ್ಟರು, ಅದನ್ನ ಹೇಳು" ಎಂದರು.