ಡಬ್ಬಿಗೆ ಮೊದಲು ಕ್ಯಾಮೆರಾ

ಹಾಸನದಲ್ಲಿ ಸಿಸಿಟಿವಿ, ಯುಪಿಎಸ್, ಗೇಟ್ ಮೋಟರ್ ಹಾಕಿಕೊಡುವ ಕೆಲಸ ನನ್ನದು. ಈಚೆಗೆ ನಮ್ಮ ಲೈನಿನವರಿಗೆ ಹೊಸದೊಂದು ಬೇಡಿಕೆ ಶುರುವಾಗಿದೆ. "ಅಣ್ಣ, ನಾಯಿ ಬೊಗಳೋದು ನಿಲ್ಸೋ ಡಬ್ಬಿ ಬರುತ್ತಂತಲ್ಲ, ಒಂದು ಹಾಕ್ಕೊಡಿ" ಅನ್ನುತ್ತಾರೆ. ತಾವೇ ಆನ್‌ಲೈನಲ್ಲಿ ತರಿಸಿಟ್ಟುಕೊಂಡು, "ಮೊಳೆ ಹೊಡೆದು ಹೋಗಿ ಸಾಕು" ಅನ್ನುವವರೂ ಇದ್ದಾರೆ. ಮೊಳೆ ಹೊಡೆದು ಕೂಲಿ ಇಸ್ಕೊಂಡು ಬರೋದು ದೊಡ್ಡ ವಿಷಯವೇನಲ್ಲ. ಆದರೆ "ನಾಯಿ ಹಂಗೇ ಬೊಗಳ್ತಿದೆ" ಅಂತ ಆಮೇಲೆ ಫೋನ್ ಬರೋದು ನನಗೆ, ಡಬ್ಬಿ ಮಾಡಿದವನಿಗಲ್ಲ. ಹಾಗಾಗಿ ಅದು ಎಲ್ಲಿ ಕೆಲಸ ಮಾಡುತ್ತೆ, ಎಲ್ಲಿ ಮಾಡಲ್ಲ ಅಂತ ಕೂತು ನೋಡಬೇಕಾಯಿತು. ಇದೇ ಕೆಲಸಕ್ಕೆ ಹೊಸದಾಗಿ ಬಂದಿರುವ ಹುಡುಗರು ಓದಲಿ ಅಂತ ಬರೆದಿದ್ದೇನೆ.

ಬಿಚ್ಚಿ ನೋಡಿದರೆ ಒಳಗೆ ಹೆಚ್ಚೇನೂ ಇಲ್ಲ. ಒಂದು ಮೈಕು, ಒಂದು ಚಿಕ್ಕ ಸರ್ಕ್ಯೂಟು, ಒಂದು ಪೀಜೋ ಸ್ಪೀಕರು (ಕರೆಂಟು ಕೊಟ್ಟರೆ ನಡುಗಿ ಸದ್ದು ಮಾಡುವ ತೆಳು ಬಿಲ್ಲೆ). ಬೊಗಳಿದ ಸದ್ದು ಮೈಕಿಗೆ ಬಿತ್ತೆಂದರೆ ಸ್ಪೀಕರು ಕೆಲವು ಸೆಕೆಂಡು ಕೂಗುತ್ತದೆ. ಸದ್ದು ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವ ಲೆಕ್ಕವೇ ಹರ್ಟ್ಜ್, ಅದು ಹೆಚ್ಚಿದಷ್ಟೂ ಸದ್ದು ಕೀರಲು. ಮನುಷ್ಯರಿಗೆ ಹೆಚ್ಚೆಂದರೆ 20 ಸಾವಿರ ಹರ್ಟ್ಜ್‌ವರೆಗೆ ಕೇಳಿಸುತ್ತದೆ, ವಯಸ್ಸಾಗುತ್ತಾ ಅದೂ ಇಳಿಯುತ್ತದೆ. ನಾಯಿಗೆ ಸುಮಾರು 45 ಸಾವಿರದವರೆಗೂ ಕೇಳಿಸುತ್ತದೆ. ಡಬ್ಬಿ ಸಾಮಾನ್ಯವಾಗಿ 25 ಸಾವಿರದ ಆಸುಪಾಸಿನಲ್ಲಿ ಕೂಗುವುದರಿಂದ ನಾಯಿಗೆ ಕಿರಿಕಿರಿ, ನಮಗೆ ನಿಶ್ಶಬ್ದ. ಹೊಸ ಐಡಿಯಾ ಏನಲ್ಲ ಇದು. ಫ್ರಾನ್ಸಿಸ್ ಗಾಲ್ಟನ್ ಅನ್ನುವ ಇಂಗ್ಲಿಷ್ ವಿಜ್ಞಾನಿ 1876ರಲ್ಲೇ ಇಂಥ ಶಿಳ್ಳೆ ಮಾಡಿದ್ದ. ಅದನ್ನು ಊರುಗೋಲಿನ ತುದಿಗೆ ಸಿಕ್ಕಿಸಿ, ಹಿಡಿಯಲ್ಲಿದ್ದ ರಬ್ಬರ್ ಕೊಳವೆ ಒತ್ತುತ್ತಾ ಲಂಡನ್ನಿನ ಮೃಗಾಲಯವೆಲ್ಲ ಸುತ್ತಿ, ಯಾವ ಪ್ರಾಣಿ ಕಿವಿ ನಿಮಿರಿಸುತ್ತೆ ಅಂತ ನೋಡಿದ್ದನಂತೆ. ಎಲ್ಲಕ್ಕಿಂತ ಚುರುಕು ಬೆಕ್ಕು ಅಂತ ಬರೆದಿಟ್ಟಿದ್ದಾನೆ. ಈ ಮಾತು ನಮ್ಮ ಕೆಲಸಕ್ಕೂ ಬೇಕು. ಬೆಕ್ಕಿಗೆ 60 ಸಾವಿರ ಹರ್ಟ್ಜ್‌ಗೂ ಮೇಲೆ ಕೇಳಿಸುತ್ತದೆ. ಮನೆಯಲ್ಲಿ ಬೆಕ್ಕೂ ಇದ್ದರೆ, ನಾಯಿ ಮಾಡಿದ ತಪ್ಪಿಗೆ ಅದಕ್ಕೂ ಶಿಕ್ಷೆ.

ಪ್ಯಾಕೆಟ್ ಮೇಲೆ 15 ಮೀಟರ್ ಅಂತ ಬರೆದಿರುತ್ತಾರೆ. ಅದು ಅಡ್ಡ ಏನೂ ಇಲ್ಲದ ಬಯಲಿನ ಲೆಕ್ಕ. 25 ಸಾವಿರ ಹರ್ಟ್ಜ್ ಸದ್ದಿನ ಅಲೆ ಗಾಳಿಯಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕದು. ದಪ್ಪ ಸದ್ದು ಕಾಂಪೌಂಡನ್ನು ಬಳಸಿಕೊಂಡು ಆಚೆ ಹೋಗುತ್ತದೆ, ಇದು ಹೋಗುವುದಿಲ್ಲ. ಗೋಡೆ, ಗಾಜು, ದಟ್ಟವಾದ ಕ್ರೋಟನ್ ಗಿಡ, ಒಣಹಾಕಿದ ಬೆಡ್‌ಶೀಟು, ಯಾವುದು ಅಡ್ಡ ಬಂದರೂ ಅಲ್ಲಿಗೆ ಸೋಲುತ್ತದೆ. ಅಡ್ಡ ಇಲ್ಲದಿದ್ದರೂ ದೂರ ಎರಡರಷ್ಟಾದರೆ ಸದ್ದು 6 ಡೆಸಿಬಲ್ ಕಡಿಮೆ, ಅದರ ಮೇಲೆ ಗಾಳಿ ಹೀರಿಕೊಳ್ಳುವುದು ಬೇರೆ. ಟಾರ್ಚ್ ಬೆಳಕಿನ ಹಾಗೆ, ಮುಖ ಮಾಡಿದ ಕಡೆಗಷ್ಟೇ ಅಂತ ಗಿರಾಕಿಗೆ ಹೇಳಿಬಿಟ್ಟರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಇನ್ನೊಂದು ತೊಂದರೆ ಇದೆ. ಡಬ್ಬಿ ನಿಜವಾಗಿ ಕೂಗುತ್ತಿದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಕೆಂಪು ಲೈಟು ಹತ್ತಿದರೆ ಕೆಲಸ ಮಾಡ್ತಿದೆ ಅಂತ ನಂಬಬೇಕು. ಲೈಟು ಹತ್ತಿಸುವುದಕ್ಕೆ ಸ್ಪೀಕರ್ ಬೇಕಾಗಿಲ್ಲವಲ್ಲ! ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಇನ್ನೊಂದು ಪೀಜೋವನ್ನು ಆಸಿಲೋಸ್ಕೋಪಿಗೆ (ಅಲೆಯನ್ನು ಪರದೆ ಮೇಲೆ ತೋರಿಸುವ ಯಂತ್ರ) ಸಿಕ್ಕಿಸಿ ಡಬ್ಬಿಯ ಮುಂದೆ ಹಿಡಿದು ತೋರಿಸಿಕೊಟ್ಟ. ಕೆಲವು ಡಬ್ಬಿಗೆ ಅಲೆ ಚೆನ್ನಾಗಿ ಬಂತು. ಒಂದು ಮಾತ್ರ ಲೈಟು ಜಗಜಗಿಸುತ್ತಾ ಇತ್ತು, ಪರದೆ ಮೇಲೆ ಬರೀ ಗೆರೆ. ಅವತ್ತಿನಿಂದ ಗಿರಾಕಿ ತಂದ ಡಬ್ಬಿಯನ್ನು ಅಂಗಡಿಯಲ್ಲಿ ನೋಡದೆ ಗೋಡೆಗೆ ಏರಿಸುವುದಿಲ್ಲ. ಡಬ್ಬಿಯ ಬದಲು ಫೋನಿನಲ್ಲೇ ಈ ಸದ್ದು ಮಾಡುತ್ತೇವೆ ಅನ್ನುವ ಆ್ಯಪುಗಳದ್ದಂತೂ ಬಿಡಿ. ಫೋನಿನ ಆಡಿಯೋ ಸಾಮಾನ್ಯವಾಗಿ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ಲು, ಅದರಿಂದ ಬರುವ ಸದ್ದು ಅದರ ಅರ್ಧಕ್ಕಿಂತ ಮೇಲೆ ಹೋಗಲಾರದು, ಅಂದರೆ ಲೆಕ್ಕದಲ್ಲೇ 24 ಸಾವಿರ ಹರ್ಟ್ಜ್ ದಾಟುವಂತಿಲ್ಲ. ಅಷ್ಟು ಮೇಲಕ್ಕೆ ಹೋಗುವ ಹೊತ್ತಿಗೆ ಅದರ ಪುಟ್ಟ ಸ್ಪೀಕರಿಗೆ ಉಸಿರೇ ಇರುವುದಿಲ್ಲ.

ಇಷ್ಟೆಲ್ಲ ಸರಿಯಿದ್ದರೂ ನಾಯಿ ಯಾಕೆ ಬೊಗಳುತ್ತಿದೆ ಅನ್ನುವುದು ಡಬ್ಬಿಗೆ ಗೊತ್ತಿಲ್ಲ. ಅದನ್ನು ತಿಳಿಯುವ ಸಾಮಾನು ನನ್ನ ಬ್ಯಾಗಿನಲ್ಲೇ ಇತ್ತು: ಮೈಕ್ ಇರುವ ಒಂದು ಕ್ಯಾಮೆರಾ, ಒಂದು ಮೆಮೊರಿ ಕಾರ್ಡು.

ಕುವೆಂಪುನಗರದ ಕಡೆ ಒಬ್ಬರು ರಿಟೈರ್ಡ್ ಮೇಷ್ಟ್ರು. ಪಕ್ಕದ ಮನೆ ನಾಯಿ ಹಗಲೂ ರಾತ್ರಿ ಬೊಗಳುತ್ತೆ, ಕಾಂಪೌಂಡ್ ಮೇಲೆ ಡಬ್ಬಿ ಕೂರಿಸಿ ಆ ಕಡೆಗೆ ತಿರುಗಿಸಿಬಿಡು ಅಂದರು. ಪಕ್ಕದವರಿಗೆ ಹೇಳಿದೀರಾ ಅಂದರೆ, "ಮಾತಾಡಿಸೋದೇ ಬಿಟ್ಟಿದೀನಿ ಕಣಯ್ಯ" ಅಂದರು. ಅವರದೇ ಗೇಟು, ರಸ್ತೆ ಕಾಣುವ ಹಾಗೆ ಮಾತ್ರ ಕ್ಯಾಮೆರಾ ಇಟ್ಟೆ, ಪಕ್ಕದವರ ಅಂಗಳಕ್ಕೆ ತಿರುಗಿಸಲಿಲ್ಲ. ಸದ್ದು ಹೇಗೂ ಸಿಗುತ್ತದೆ. ಆಮೇಲೆ ಇಬ್ಬರೂ ಕೂತು ಓಡಿಸಿ ನೋಡಿದೆವು. ರಾತ್ರಿ ಬೊಗಳಿದ್ದು ಬೀದಿನಾಯಿಗಳ ಗಲಾಟೆ ಎದ್ದಾಗ ಮಾತ್ರ, ಅದೂ ಸ್ವಲ್ಪ ಹೊತ್ತು. ನಿಜವಾದ ಕಾಟ ಬೆಳಗ್ಗೆ ಪಕ್ಕದ ಮನೆಯ ಸ್ಕೂಟರ್ ಹೊರಟ ಮೇಲೆ. ಮೊದಲು ಒಂದಷ್ಟು ಹೊತ್ತು ಊಳು. ಆಮೇಲೆ ಸೊಪ್ಪಿನ ಗಾಡಿ, ಪಾರ್ಸೆಲ್ ಹುಡುಗ, ಸ್ಕೂಲ್ ಆಟೋ, ಗೇಟಿನ ಮುಂದೆ ಯಾರು ಹೋದರೂ ಬೊಗಳು. ಸಾಯಂಕಾಲ ಸ್ಕೂಟರ್ ಬಂದ ತಕ್ಷಣ ಬಂದ್. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ನಾಯಿಯನ್ನು ಗ್ರಿಲ್ ಗೇಟಿನ ಹಿಂದೆ ಕಟ್ಟಿ ಹೋಗುತ್ತಾರೆ.

ಮೇಷ್ಟ್ರು ಸುಮ್ಮನೆ ಕೇಳಿಸಿಕೊಂಡರು. "ಅವರಿಗೆ ಇದು ಗೊತ್ತೇ ಇಲ್ಲ ಅಲ್ವೇನಯ್ಯಾ" ಅಂದರು. ಹೌದು, ನಾಯಿ ಬೊಗಳುವ ಹೊತ್ತಿಗೆ ಸಾಕಿದವರು ಮನೆಯಲ್ಲೇ ಇರುವುದಿಲ್ಲ. ಅವರ ಮಟ್ಟಿಗೆ ಅದು ಬಂಗಾರದಂಥ ನಾಯಿ, ಈ ಮೇಷ್ಟ್ರೇ ಸರಿಯಿಲ್ಲ. ಒಂಟಿಯಾಗಿ ಹೆದರಿ ಕೂಗುವ ನಾಯಿಗೆ, ಎಲ್ಲಿಂದ ಬಂತೆಂದೇ ತಿಳಿಯದ ಕರ್ಕಶ ಸದ್ದು ಬೇರೆ ಕೊಟ್ಟರೆ ಭಯ ಇನ್ನಷ್ಟು ಬೆಳೆಯುತ್ತದೆ. ಬೊಗಳುವುದು ಬಿಟ್ಟರೂ ಚಪ್ಪಲಿ ಕಚ್ಚುವುದೋ, ತನ್ನ ಕಾಲನ್ನೇ ನೆಕ್ಕಿ ಗಾಯ ಮಾಡಿಕೊಳ್ಳುವುದೋ ಶುರುವಾಗಬಹುದು. ಡಬ್ಬಿ ಹಾಕುವುದಿಲ್ಲ ಅಂದೆ. ಭಾನುವಾರ ಪಕ್ಕದವರನ್ನು ಕಾಫಿಗೆ ಕರೆದು ಈ ರೆಕಾರ್ಡಿಂಗ್ ಕೇಳಿಸಿ ಅಂತ ಹೇಳಿ ಬಂದೆ. ಕರೆದರು. ಗೇಟಿನ ಗ್ರಿಲ್ಲಿಗೆ ಒಂದು ಶೀಟು ಬಿತ್ತು, ನಾಯಿ ಹಿತ್ತಲಿಗೆ ಹೋಯಿತು, ಆಫೀಸಿಗೆ ಹೊರಡುವ ಮೊದಲು ಅದನ್ನೊಂದು ಸುತ್ತು ಓಡಾಡಿಸಿ ಬರುವುದು ಶುರುವಾಯಿತು. ಪೂರ್ತಿ ನಿಂತಿಲ್ಲ. ಮಧ್ಯಾಹ್ನ ನಿದ್ದೆ ಬರುವಷ್ಟು ಕಡಿಮೆಯಾಗಿದೆ ಅಂತ ಮೇಷ್ಟ್ರು ಹೇಳುತ್ತಾರೆ.

ಸಕಲೇಶಪುರದಾಚೆಯ ಒಂದು ಎಸ್ಟೇಟಿನದು ಬೇರೆಯೇ ಕತೆ. ಹಳೆ ಬಂಗಲೆಯನ್ನು ಹೋಮ್‌ಸ್ಟೇ ಮಾಡಿದ್ದಾರೆ. ಕಾಫಿ ಕಣದಲ್ಲಿ ಎರಡು ನಾಟಿ ನಾಯಿ. ರಾತ್ರಿ ಬೊಗಳುತ್ತವೆ ಅಂತ ಬೆಂಗಳೂರಿನ ಗೆಸ್ಟುಗಳು ರಿವ್ಯೂನಲ್ಲಿ ಬರೆದು ಸ್ಟಾರ್ ಕಡಿಮೆ ಕೊಟ್ಟಿದ್ದರು. ಸಾಹುಕಾರ್ರು ರೈಟರ್ (ಎಸ್ಟೇಟಿನ ಗುಮಾಸ್ತ) ಕೈಲಿ ಫೋನ್ ಮಾಡಿಸಿದರು: "ಕಣದ ಸುತ್ತ ನಾಲ್ಕು ಡಬ್ಬಿ ಹಾಕ್ಬಿಡಿ." ನಾಲ್ಕು ಡಬ್ಬಿ, ವೈರಿಂಗು, ಓಡಾಟ ಸೇರಿ ಒಳ್ಳೆ ಬಿಲ್ಲೇ ಆಗುತ್ತಿತ್ತು. ಆದರೂ ಮೊದಲು ನೈಟ್ ವಿಷನ್ ಕ್ಯಾಮೆರಾ ಹಾಕಿ ಬಂದೆ.

ನಾಯಿಗಳು ಸುಮ್ಮಸುಮ್ಮನೆ ಬೊಗಳುತ್ತಿರಲಿಲ್ಲ. ಎರಡೂ ಒಂದೇ ದಿಕ್ಕಿಗೆ, ಆನೆ ತಿನ್ನಲು ಬರುವ ಬೈನೆ ಮರಗಳಿರುವ ಅಂಚಿನ ಕಡೆಗೆ ಮುಖ ಮಾಡಿ ನಿಂತು ಬೊಗಳುತ್ತಿದ್ದವು. ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಕ್ಯಾಮೆರಾದ ಬೆಳಕು ಅಲ್ಲಿವರೆಗೆ ಹೋಗುವುದಿಲ್ಲ, ಆದರೆ ಟೊಂಗೆ ಮುರಿಯುವ ಸದ್ದು ಮೈಕಿನಲ್ಲಿ ಸ್ಪಷ್ಟವಾಗಿತ್ತು. ರೈಟರು ಅಂಚಿಗೆ ಹೋಗಿ ನೋಡಿದರೆ ಸೀಳಿ ಹಾಕಿದ ಬೈನೆ, ಪಕ್ಕದಲ್ಲೇ ಲದ್ದಿ. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಇದರ ಮೇಲೆ ಏನೂ ವಿವರಿಸಬೇಕಾಗಿಲ್ಲ. ಬೆಳಗಿನ ಜಾವ ತೋಟಕ್ಕೆ ಹೊರಟವರು ಆನೆಗೆ ಸಿಕ್ಕ ಸುದ್ದಿಯನ್ನು ನಾವೆಲ್ಲ ಎಷ್ಟು ಸಲ ಓದಿಲ್ಲ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಮೆಸೇಜ್ ಕಳಿಸುತ್ತಾರೆ, ಒಳ್ಳೆಯದೇ. ಆದರೆ ಲೈನ್ ಮನೆಯಿಂದ (ತೋಟದ ಕೂಲಿಯವರ ಸಾಲುಮನೆ) ನಸುಕಿನಲ್ಲಿ ಹೊರಗೆ ಬರುವ ಹೆಂಗಸಿಗೆ ಮೆಸೇಜಿಗಿಂತ ಮೊದಲು ಸಿಗುವ ಸುಳಿವು ಈ ಎರಡು ನಾಯಿ. ಕಾಫಿ ಒಣಗುವ ಕಾಲದಲ್ಲಿ ಕಣದಿಂದ ಚೆರ್ರಿ ಮೂಟೆ ಕದಿಯಲು ಬರುವವರಿಗೂ ಅವೇ ಕಾವಲು. ಅವುಗಳ ಬಾಯಿ ಮುಚ್ಚಿಸಲು ನಾನು ದುಡ್ಡು ಇಸ್ಕೊಳ್ಳಬೇಕಿತ್ತಾ?

ಸಾಹುಕಾರ್ರಿಗೆ ವಿಡಿಯೋ ತೋರಿಸಿದೆ. ಬುದ್ಧಿವಂತರು, ಮತ್ತೆ ಡಬ್ಬಿ ಮಾತೆತ್ತಲಿಲ್ಲ. ಗೆಸ್ಟ್ ರೂಮನ್ನು ಬಂಗಲೆಯ ಇನ್ನೊಂದು ಮಗ್ಗುಲಿಗೆ ಬದಲಾಯಿಸಿದರು. "ರಾತ್ರಿ ನಾಯಿ ಬೊಗಳಿದರೆ ಹೊರಗೆ ಬರಬೇಡಿ, ಆನೆ ಇರಬಹುದು" ಅಂತ ಬಾಗಿಲ ಹಿಂದೆ ಬರೆದು ಅಂಟಿಸಿದರು. ಈಗ ಗೆಸ್ಟುಗಳು ಆ ಚೀಟಿಯ ಫೋಟೋ ತೆಗೆದುಕೊಂಡು ಹೋಗುತ್ತಾರಂತೆ. ಅಲ್ಲಿ ನನ್ನ ಕೈಗೆ ಸಿಕ್ಕಿದ್ದು ಅಂಚಿನ ಕಡೆಗೆ ಇನ್ನೊಂದು ಕ್ಯಾಮೆರಾದ ಆರ್ಡರು.

ಹಾಗಂತ ಡಬ್ಬಿ ಪೂರ್ತಿ ಮೋಸ ಅಂತಲೂ ಅಲ್ಲ. ವಿದ್ಯಾನಗರದ ಒಂದು ಮನೆಯಲ್ಲಿ ಎಳೆ ವಯಸ್ಸಿನ ನಾಯಿ, ಭಯವಿಲ್ಲ, ರೋಗವಿಲ್ಲ, ಗೇಟು ತಟ್ಟಿದವರಿಗೆಲ್ಲ ಬೊಗಳುವುದು ಅದಕ್ಕೊಂದು ಆಟ. ಅವರು ಮೊದಲು ತಂದಿದ್ದು ತಾನಾಗಿ ಕೂಗುವ ಡಬ್ಬಿ, ಅಡುಗೆಮನೆ ಕಿಟಕಿಯ ಪಕ್ಕ ನೇತುಹಾಕಿದ್ದರು. ಕುಕ್ಕರ್ ವಿಷಲ್ ಹಾಕಿದಾಗಲೆಲ್ಲ ಅದೂ ಕೂಗುತ್ತಿತ್ತು. ನಾಯಿ ಬೊಗಳುವುದನ್ನು ಬಿಡಲಿಲ್ಲ, ಅನ್ನ ಆಗುವ ಹೊತ್ತಿಗೆ ಮಂಚದಡಿ ಸೇರುವುದನ್ನು ಕಲಿಯಿತು. ಅದನ್ನು ಕಿತ್ತು, ಕೈಯಲ್ಲಿ ಹಿಡಿದು ಒತ್ತುವಂಥದ್ದು ಕೊಟ್ಟೆ. ಆ ಮನೆಯ ಅಕ್ಕನಿಗೆ ಹೇಳಿದ್ದು ಇಷ್ಟು: ನಾಯಿ ಎದುರಿಗೆ, ಎರಡು ಮೂರು ಮೀಟರ್ ಒಳಗಿದ್ದಾಗ ಮಾತ್ರ ಒಂದು ಸಲ ಒತ್ತಿ. ಅದು ಬೊಗಳುವುದು ನಿಲ್ಲಿಸಿ ಈ ಕಡೆ ತಿರುಗುತ್ತದಲ್ಲ, ಆ ಕ್ಷಣದಲ್ಲೇ "ಸಾಕು" ಅಂದು ಬಿಸ್ಕತ್ತಿನ ಚೂರು ಕೊಡಿ, ತಡ ಮಾಡಿದರೆ ಯಾತಕ್ಕೆ ಕೊಟ್ಟಿರಿ ಅಂತ ಅದಕ್ಕೆ ತಿಳಿಯಲ್ಲ. ಕಿವಿ ಮಡಚಿ, ಬಾಲ ಮುದುರಿ ಓಡಿದರೆ ಅಂದಿಗೇ ಡಬ್ಬಿ ಬಂದ್ ಮಾಡಿ. ಅಕ್ಕ ಪಟ್ಟಾಗಿ ಮಾಡಿದರು. ಈಗ "ಸಾಕು" ಅಂದರೆ ಸಾಕು, ಡಬ್ಬಿ ಡ್ರಾಯರಿನಲ್ಲಿದೆ. ಕೆಲಸ ಮಾಡಿದ್ದು ಸದ್ದೋ ಬಿಸ್ಕತ್ತೋ ಅಂದರೆ ನನ್ನ ಓಟು ಬಿಸ್ಕತ್ತಿಗೆ. ಬರೀ ಸದ್ದನ್ನೇ ನೆಚ್ಚಿಕೊಂಡ ಮನೆಗಳಲ್ಲಿ ನಾಯಿ ಅದಕ್ಕೆ ಒಗ್ಗಿಹೋಗಿ ಡಬ್ಬಿಯ ಮುಂದೆಯೇ ನಿಂತು ಬೊಗಳುವುದನ್ನು ನೋಡಿದ್ದೇನೆ.

ಮುದಿ ನಾಯಿಗಂತೂ ಹಾಕಲೇಬೇಡಿ. ವಯಸ್ಸಾದ ನಾಯಿಗೂ ಮೊದಲು ಹೋಗುವುದು ಕೀರಲು ಸದ್ದು ಕೇಳುವ ಶಕ್ತಿಯೇ. ಮುದಿತನದಲ್ಲಿ ರಾತ್ರಿ ಎದ್ದು ಕಾರಣವಿಲ್ಲದೆ ಕೂಗುತ್ತಿದ್ದರೆ ನೋವಿರಬಹುದು, ಕಣ್ಣು ಮಂಜಾಗಿರಬಹುದು, ಮಂಕು ಕವಿದಿರಬಹುದು. ಅಂಥ ನಾಯಿಯನ್ನು ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರಕೊಂಡು ಹೋಗಿ ಅಂತ ಕಳಿಸುತ್ತೇನೆ.

ಕೊನೆಗೆ ದುಡ್ಡಿನ ವಿಷಯ, ಹುಡುಗರು ಕೇಳುವುದು ಅದನ್ನೇ. ಡಬ್ಬಿ ಕೇಳಿದವರ ಮನೆಯಲ್ಲಿ ಮೊದಲು ಕ್ಯಾಮೆರಾ ಬಿಟ್ಟು ಬರುತ್ತೇನೆ, ರೆಕಾರ್ಡಿಂಗನ್ನು ಅವರ ಜೊತೆ ಕೂತು ನೋಡುತ್ತೇನೆ, ಅದಕ್ಕೆ ಚಾರ್ಜ್ ಮಾಡುತ್ತೇನೆ. ಡಬ್ಬಿ ಬೇಡ ಅಂತ ತೀರ್ಮಾನವಾದರೂ ಆ ಹಣ ಬಿಡುವುದಿಲ್ಲ. ನಮ್ಮೂರಲ್ಲಿ ವೈರ್ ಎಳೆದದ್ದಕ್ಕೆ ದುಡ್ಡು ಕೊಡುತ್ತಾರೆ, ಸಲಹೆ ಕೊಟ್ಟಿದ್ದಕ್ಕೆ ಕೊಡುವವರು ಕಡಿಮೆ. ಅದಕ್ಕೇ ಬಿಲ್ಲಿನಲ್ಲಿ "ಕ್ಯಾಮೆರಾ ಬಾಡಿಗೆ" ಅಂತ ಬರೆಯುತ್ತೇನೆ.